ಬೇರೆ ಬೇರೆ ಅಳತೆಯ ಸೂಪರ್‌ಹೀರೋಗಳನ್ನು ಒಂದೇ ಬೀರುವಿನಲ್ಲಿ ಇಡಬಹುದಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ಊರು ತೀರ್ಥಹಳ್ಳಿ ಹತ್ತಿರ. ಕಳೆದ ತಿಂಗಳು ಊರ ಮನೆಯಿಂದ ಅಜ್ಜನ ಕಾಲದ ಹಲಸಿನ ಮರದ ಬೀರು ತಂದೆವು. ಗಾಜಿನ ಬಾಗಿಲು, ಮೂರು ಹಲಗೆ. ಒಂದೊಂದು ಹಲಗೆ 3 ಅಡಿ ಉದ್ದ, 1 ಅಡಿ ಆಳ. "ಇದು ಪೂರ್ತಿ ನಿಮ್ಮ ಗೊಂಬೆಗಳಿಗೆ" ಎಂದು ಮನೆಯವಳು ಹೇಳಿದಳು. ಖುಷಿಯೋ ಖುಷಿ. ಆದರೆ ಜೋಡಿಸಲು ಕೂತಾಗ ತಲೆನೋವು ಶುರುವಾಯಿತು.

ನನ್ನ ಹತ್ತಿರ ಮೂರು ಅಳತೆಯವು ಇವೆ. ಜಾಸ್ತಿ ಇರುವುದು 6 ಇಂಚಿನ ಮಾರ್ವೆಲ್ ಲೆಜೆಂಡ್ಸ್ ಸಾಲಿನವು, ಒಟ್ಟು 14. ಆಮೇಲೆ ಮ್ಯಾಕ್‌ಫಾರ್ಲೇನ್ ಕಂಪನಿಯ 7 ಇಂಚಿನ ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್, ಬೇನ್. ಮೂರನೆಯದು ಅಣ್ಣನ ಡಬ್ಬಿ. ಅದರಲ್ಲಿ 3.75 ಇಂಚಿನ ಮಾರ್ವೆಲ್‌ನವರು ಒಂಬತ್ತು ಜನ, ಜೊತೆಗೆ ನಾವು ಚಿಕ್ಕವರಿದ್ದಾಗ ಆಡಿದ ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಸೈನಿಕರು ನಾಲ್ಕು. ಅಣ್ಣ ಈಗ ಮಸ್ಕತ್‌ನಲ್ಲಿದ್ದಾನೆ. ದೀಪಾವಳಿಗೆ ಬರುತ್ತಾನೆ. ಅವನು ಬಂದು ಬಾಗಿಲು ತೆಗೆದರೆ ಅವನ ಡಬ್ಬಿಯ ಗೊಂಬೆಗಳೂ ಕಾಣಬೇಕು ಎಂದು ನನಗೆ ಆಸೆ.

ಸ್ಪೈಡರ್‌ಮ್ಯಾನ್ ಪಕ್ಕ ಬ್ಯಾಟ್‌ಮ್ಯಾನ್ ಇಟ್ಟೆ. ಸ್ಪೈಡರ್‌ಮ್ಯಾನ್ ದೊಡ್ಡಪ್ಪನ ಜೊತೆ ಬಂದ ಶಾಲೆ ಹುಡುಗನ ಹಾಗೆ ಕಂಡ. ಅಣ್ಣನ ಕ್ಯಾಪ್ಟನ್ ಅಮೆರಿಕವನ್ನು ನನ್ನ ಕ್ಯಾಪ್ಟನ್ ಅಮೆರಿಕದ ಪಕ್ಕ ಇಟ್ಟೆ. ತಂದೆ ಮಗ ಆದರು. ಬೆರೆಸಬಹುದಾ, ಬೇಡವಾ? ಬೆರೆಸುವುದಾದರೆ ಹೇಗೆ?

ಕೋಟೆರಸ್ತೆ:
ನಿಮ್ಮ ಬೀರು, ನಿಮ್ಮ ಗೊಂಬೆ. ಇಡಿ.

ಒಂದೇಅಳತೆ:
ಬೇಡ. ನಾನು ಭದ್ರಾವತಿಯವನು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅಳತೆ ಎಂದರೆ ಅಳತೆ ಎಂದು ಕೇಳಿಕೊಂಡೇ ಬೆಳೆದವನು. 6 ಇಂಚಿನವು 1:12, ಅಂದರೆ 6 ಅಡಿ ಆಳು 6 ಇಂಚು ಆಗುತ್ತಾನೆ. 3.75 ಇಂಚಿನವು 1:18. ಮ್ಯಾಕ್‌ಫಾರ್ಲೇನ್‌ನ 7 ಇಂಚಿನವು ಹೆಚ್ಚುಕಡಿಮೆ 1:10. ಈ ಮೂರನ್ನೂ ಒಂದೇ ಹಲಗೆ ಮೇಲೆ ನಿಲ್ಲಿಸಿದರೆ ನೋಡುವವರಿಗೆ ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದೇ ಗೊತ್ತಾಗುವುದಿಲ್ಲ. ಕಾಮಿಕ್ಸ್ ಪ್ರಕಾರ ವುಲ್ವರಿನ್ 5 ಅಡಿ 3 ಇಂಚು, ಥಾರ್ 6 ಅಡಿ 6 ಇಂಚು. 1:12ರಲ್ಲಿ ಇದು ಐದೂಕಾಲು ಇಂಚು ಮತ್ತು ಆರೂವರೆ ಇಂಚು. ಈ ಒಂದೂಕಾಲು ಇಂಚಿನ ವ್ಯತ್ಯಾಸದಲ್ಲೇ ವುಲ್ವರಿನ್‌ನ ಗುಣ ಪೂರ್ತಿ ಇದೆ. ಗಿಡ್ಡ ಆಳು, ಆದರೆ ಯಾರಿಗೂ ಬಗ್ಗುವುದಿಲ್ಲ. ನೀವು ಅವನ ಪಕ್ಕ ಇನ್ನೊಂದು ಅಳತೆಯವನನ್ನು ಇಟ್ಟ ತಕ್ಷಣ ಅದು ಹಾಳಾಗುತ್ತದೆ.

ಅಡಿಕೆಚಪ್ಪರ:
ಒಂದೇಅಳತೆ ಅವರೇ, ಲೆಕ್ಕ ಸರಿ ಇದೆ. ಆದರೆ ಕಂಪನಿಯವರೇ ಆ ಲೆಕ್ಕ ಪಾಲಿಸುವುದಿಲ್ಲ ಅಲ್ವಾ? ಲೆಜೆಂಡ್ಸ್‌ನಲ್ಲಿ ಒಂದೇ ಮೈಯ ಅಚ್ಚನ್ನು ಹತ್ತು ಜನರಿಗೆ ಬಳಸುತ್ತಾರೆ. ಬಣ್ಣ, ತಲೆ ಬೇರೆ, ಅಷ್ಟೇ. ಎತ್ತರ ಎಲ್ಲರದ್ದೂ ಒಂದೇ. ಜಪಾನಿನ ಬಂದೈ ಕಂಪನಿಯವರ ಫಿಗುವಾರ್ಟ್ಸ್ ತಂದು ಪಕ್ಕದಲ್ಲಿಡಿ. ಅದೂ 6 ಇಂಚಿನ ಗುಂಪೇ, ಆದರೆ ಮೈಕಟ್ಟು ತೆಳು, ತುಸು ಚಿಕ್ಕದು. ಅಳತೆ ಒಂದೇ ಎಂದು ಡಬ್ಬಿ ಮೇಲೆ ಬರೆದರೂ ಬೀರುವಿನಲ್ಲಿ ಒಂದೇ ಆಗಿ ಕಾಣುವುದಿಲ್ಲ.

ಒಂದೇಅಳತೆ:
ಅರ್ಧ ಇಂಚು ಹೆಚ್ಚುಕಡಿಮೆ ಬೇರೆ. ಎರಡೂಕಾಲು ಇಂಚು ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಒಪ್ಪಿಸಬೇಡಿ.

ಗೊಂಬೆಮನೆ:
ನಮ್ಮ ಮನೆಯಲ್ಲಿ ಪ್ರತಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ರಾಜ ರಾಣಿ. ಅಜ್ಜಿಗೆ ಮದುವೆಯಲ್ಲಿ ಕೊಟ್ಟದ್ದು, ಮರದ್ದು, ಒಂದು ಮೊಳ ಎತ್ತರ. ಕೆಳಗೆ ಮಣ್ಣಿನ ದಶಾವತಾರ, ಒಂದೊಂದು ಗೇಣು. ಅದರ ಕೆಳಗೆ ಚನ್ನಪಟ್ಟಣದ ಮದುವೆ ದಿಬ್ಬಣ, ಬೆರಳುದ್ದ. ಎಲ್ಲಕ್ಕಿಂತ ಕೆಳಗೆ ಶೆಟ್ಟರ ಅಂಗಡಿ. ಶೆಟ್ಟರು ಅಂಗಡಿಗಿಂತ ದೊಡ್ಡವರು. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಆರತಿಗೆ ಬಂದ ಒಬ್ಬರೂ "ರಾಮ ಯಾಕೆ ರಾಜನಿಗಿಂತ ಚಿಕ್ಕ?" ಎಂದು ಕೇಳಿಲ್ಲ.

ಯಾಕೆ ಕೇಳುವುದಿಲ್ಲ ಎಂದರೆ ಒಂದು ಮೆಟ್ಟಿಲಿನ ಒಳಗೆ ಎಲ್ಲ ಒಂದೇ ಅಳತೆ. ಮೆಟ್ಟಿಲು ಬದಲಾದರೆ ಲೋಕ ಬದಲಾಗುತ್ತದೆ. ಕಣ್ಣು ಅದನ್ನು ಒಪ್ಪಿಕೊಳ್ಳುತ್ತದೆ. ನಿಮಗೆ ಮೂರು ಹಲಗೆ ಇದೆ, ಮೂರು ಅಳತೆ ಇದೆ. ಇನ್ನೇನು ಬೇಕು?

ತುಂಗಾತೀರ:
ಅಕ್ಕ, ಇದು ನನಗೆ ಹೊಳೆದಿರಲೇ ಇಲ್ಲ. ಅಮ್ಮನೂ ಗೊಂಬೆ ಕೂರಿಸುತ್ತಿದ್ದರು. ಆದರೆ ಒಂದು ತೊಂದರೆ. ಅಣ್ಣನವು ಬೇರೆ ಹಲಗೆಗೆ ಹೋದರೆ ಅವನವು ಬೇರೆ, ನನ್ನವು ಬೇರೆ ಎಂದಾಗುತ್ತದೆ. ಒಟ್ಟಿಗೆ ಇರಬೇಕು ಎಂಬುದೇ ನನ್ನ ಆಸೆ.

ಕೋಟೆರಸ್ತೆ:
ಇವು ಗೊಂಬೆ ಅಲ್ಲ, ಆ್ಯಕ್ಷನ್ ಫಿಗರ್. ಅದನ್ನಾದರೂ ಸರಿಯಾಗಿ ಹೇಳಿ.

ಹಳೇಡಬ್ಬಿ:
ಆ ಹೆಸರಿನ ಕಥೆ ಗೊತ್ತಾ? 1964ರಲ್ಲಿ ಹ್ಯಾಸ್ಬ್ರೊ ಜಿ.ಐ. ಜೋ ತಂದಾಗ ಅದು 12 ಇಂಚಿನ ಬಟ್ಟೆ ಹಾಕಿದ ಗೊಂಬೆ. ಗೊಂಬೆ ಎಂದರೆ ಗಂಡು ಹುಡುಗರು ಮುಟ್ಟುವುದಿಲ್ಲ ಎಂದು ಆ್ಯಕ್ಷನ್ ಫಿಗರ್ ಎಂಬ ಹೆಸರು ಹುಟ್ಟಿಸಿದರು. ನಮ್ಮ ಕಡೆ ಗೊಂಬೆ ಎಂದರೆ ಗಂಡು ಹೆಣ್ಣು ಭೇದ ಇಲ್ಲ. ಪಟ್ಟದ ಗೊಂಬೆಯಲ್ಲಿ ರಾಜನೂ ಗೊಂಬೆಯೇ. ನಾನಂತೂ ಗೊಂಬೆ ಎಂದೇ ಹೇಳುತ್ತೇನೆ.

ಅಳತೆಗಳ ಜಗಳವೂ ಹಳೆಯದು. 1970ರ ದಶಕದಲ್ಲಿ ಮೆಗೋ ಕಂಪನಿಯ ಸೂಪರ್‌ಹೀರೋಗಳು 8 ಇಂಚು. 1978ರಲ್ಲಿ ಕೆನ್ನರ್ ಸ್ಟಾರ್ ವಾರ್ಸ್‌ಗೆ 3.75 ಇಂಚು ಮಾಡಿತು. ಗೊಂಬೆ ಚಿಕ್ಕದಾದರೆ ಅದು ಕೂರುವ ವಿಮಾನ, ಗಾಡಿ ಎಲ್ಲ ಮಾಡಬಹುದು, ಬೆಲೆಯೂ ಕೈಗೆಟಕುತ್ತದೆ. 1982ರಲ್ಲಿ ಜಿ.ಐ. ಜೋ ಕೂಡ ಅದೇ ಅಳತೆಗೆ ಇಳಿಯಿತು. ನಮ್ಮ ಫನ್‌ಸ್ಕೂಲ್ ಮಾಡಿದ್ದು ಈ ಚಿಕ್ಕವನ್ನೇ. 2002ರಲ್ಲಿ ಟಾಯ್ ಬಿಝ್ ಮಾರ್ವೆಲ್ ಲೆಜೆಂಡ್ಸ್ ತಂದ ಮೇಲೆ 6 ಇಂಚು ಗಟ್ಟಿಯಾಯಿತು. 2007ರಿಂದ ಅದು ಹ್ಯಾಸ್ಬ್ರೊ ಕೈಯಲ್ಲಿದೆ. 2020ರಲ್ಲಿ ಡಿಸಿ ಕಾಮಿಕ್ಸ್ (ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್) ಗೊಂಬೆಗಳು ಮ್ಯಾಕ್‌ಫಾರ್ಲೇನ್ ಕೈಗೆ ಬಂದಾಗ ಅವರು ತಮ್ಮ 7 ಇಂಚನ್ನೇ ಹಿಡಿದರು. ಅದಕ್ಕೇ ನಿಮ್ಮ ಬ್ಯಾಟ್‌ಮ್ಯಾನ್ ದೊಡ್ಡಪ್ಪ ಆಗಿರುವುದು. ನಿಮ್ಮ ತಪ್ಪಲ್ಲ.

ಸಾಗರದವ:
ನಮ್ಮ ಮಾವ ಗುಡಿಗಾರರು. ಗಂಧದ ಕೆತ್ತನೆ ಮಾಡುತ್ತಾರೆ. ಅವರ ಹತ್ತಿರ ಹೋಗಿ ನನ್ನ 6 ಇಂಚಿನದು ಒಂದು, 7 ಇಂಚಿನದು ಒಂದು ತೋರಿಸಿದ್ದೆ. ಯಾವುದು ದೊಡ್ಡದು ಎಂದು ಎತ್ತರ ನೋಡಲೇ ಇಲ್ಲ. ಕಡ್ಡಿ ತೆಗೆದುಕೊಂಡು ಮುಖ ಅಳೆದರು. ಗಲ್ಲದಿಂದ ಕೂದಲಿನ ಅಂಚಿನವರೆಗೆ ಒಂದು ತಾಳ. ಆ ಕಡ್ಡಿಯನ್ನೇ ಮೈ ಮೇಲೆ ಇಟ್ಟು ಎಷ್ಟು ತಾಳ ಬರುತ್ತದೆ ಎಂದು ಎಣಿಸಿದರು. ದೊಡ್ಡ ದೇವರಿಗೆ ನವತಾಳ, ದಶತಾಳ. ಗಣಪತಿಗೆ ಪಂಚತಾಳ. ಒಂದು ಅಂಗುಲದ ಗಣಪತಿಯಾದರೂ ಐದೇ, ಆಳೆತ್ತರದ ಗಣಪತಿಯಾದರೂ ಐದೇ.

ಮಾವ ಹೇಳಿದ್ದು ಇಷ್ಟು. ಪಕ್ಕಪಕ್ಕ ನಿಂತವರಲ್ಲಿ ಜನ ಮೊದಲು ಮುಖ ನೋಡುತ್ತಾರೆ. ಮುಖದ ಗಾತ್ರ ಹೊಂದಿದರೆ ಎತ್ತರದ ವ್ಯತ್ಯಾಸ ಆಳಿನ ವ್ಯತ್ಯಾಸವಾಗಿ ಕಾಣುತ್ತದೆ. ಮುಖ ಹೊಂದದಿದ್ದರೆ ಎತ್ತರ ಸರಿ ಇದ್ದರೂ ಬೇರೆ ಲೋಕದವರ ಹಾಗೆ ಕಾಣುತ್ತಾರೆ. ಮನೆಗೆ ಬಂದು ನನ್ನವನ್ನೆಲ್ಲ ಅಳೆದೆ. ಗಲ್ಲದಿಂದ ನೆತ್ತಿವರೆಗೆ ತಲೆ 23 ಸೆಂಟಿಮೀಟರ್ ಎಂದುಕೊಂಡರೆ 1:12ರಲ್ಲಿ ಸುಮಾರು 1.9, 1:10ರಲ್ಲಿ 2.3, 1:18ರಲ್ಲಿ 1.3. ಆದರೆ ಎಷ್ಟೋ ಗೊಂಬೆ ಈ ಲೆಕ್ಕಕ್ಕೆ ಸಿಗುವುದಿಲ್ಲ. 7 ಇಂಚಿನವರಲ್ಲಿ ಎರಡಕ್ಕೆ ತಲೆ ಬರೀ 2 ಸೆಂಟಿಮೀಟರ್ ಇತ್ತು. ಅವು ನನ್ನ ಲೆಜೆಂಡ್ಸ್ ಜೊತೆ ಚೆನ್ನಾಗಿ ನಿಂತಿವೆ. ನಿಮ್ಮ ಬೇನ್‌ನ ತಲೆ ಅಳೆದು ನೋಡಿ. ಅವನು ಹೇಗೂ ದೈತ್ಯ ಆಳು.

ಒಂದೇಅಳತೆ:
ಮಾವನವರ ಮಾತು ನನಗೂ ಹಿಡಿಸಿತು. ಅದೂ ಅಳತೆಯೇ. 7 ಇಂಚಿನವನು 1:12 ಲೆಕ್ಕದಲ್ಲಿ 7 ಅಡಿ ಆಳು. ಬೇನ್‌ಗೆ ಅದು ಒಪ್ಪುತ್ತದೆ. ಬ್ಯಾಟ್‌ಮ್ಯಾನ್ 6 ಅಡಿ 2 ಇಂಚಿನವನು, ಅವನಿಗೆ ಒಪ್ಪುವುದಿಲ್ಲ.

ಪುಟ್ಟನಪ್ಪ:
ಸ್ವಲ್ಪ ಬೇರೆ ವಿಷಯ. ಕಳೆದ ಸಲ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಮಗ ಒಂದು ಗೊಂಬೆ ಹಿಡಿದು ಬಿಡಲಿಲ್ಲ. ಮೈ ಹಲ್ಕ್‌ನದು, ತಲೆ ಐರನ್‌ಮ್ಯಾನ್‌ನದು, ಬಣ್ಣ ನೇರಳೆ. ಒತ್ತಿದರೆ ಎದೆಯಲ್ಲಿ ದೀಪ. 80 ರೂಪಾಯಿ. ಈಗ ಅದು ಅವನ ಎಲ್ಲ ಗೊಂಬೆಗಳ ನಾಯಕ. ಹೆಸರು "ಜಾತ್ರೆ ಅಣ್ಣ". ರಾತ್ರಿ ಮಲಗುವ ಮುಂಚೆ ಎಲ್ಲರನ್ನೂ ಅವನ ಮುಂದೆ ಸಾಲಾಗಿ ಕೂರಿಸುತ್ತಾನೆ. 12 ಇಂಚಿನ ಥ್ಯಾನೋಸ್ ಕೂಡ ಕೂರಬೇಕು. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ. ಮುಂದಿನ ಜಾತ್ರೆ ಹೊತ್ತಿಗೆ ಅವನಿಗೆ ಒಂಬತ್ತು. ಆಗಲೂ ಅದು ನಾಯಕನಾಗಿ ಉಳಿದರೆ ನನಗೆ ಬಹಳ ಸಂತೋಷ.

ಗೊಂಬೆಮನೆ:
ಜಾತ್ರೆ ಅಣ್ಣನ ಫೋಟೋ ಹಾಕಿ ಮಾರಾಯ್ರೆ!

ಕ್ಯಾಮೆರಾಕಣ್ಣು:
ತುಂಗಾತೀರ ಅವರೇ, ಒಟ್ಟಿಗೆ ಇಡಬೇಕು ಎಂದರೆ ದಾರಿ ಇದೆ. ಪಕ್ಕದಲ್ಲಿ ಬೇಡ, ಹಿಂದೆ ಇಡಿ.

ಲೆಕ್ಕ ನೋಡಿ. ನೀವು ಬೀರುವಿನಿಂದ 3 ಅಡಿ ದೂರ ನಿಂತಿದ್ದೀರಿ. ಮುಂದಿನ ಅಂಚಿನಲ್ಲಿ 6 ಇಂಚಿನವನು, 36 ಇಂಚು ದೂರ. ಹಲಗೆ 1 ಅಡಿ ಆಳ. ಹಿಂದಿನ ಗೋಡೆಗೆ ತಾಗಿಸಿ 3.75 ಇಂಚಿನವನನ್ನು (ಲೆಕ್ಕಕ್ಕೆ 4 ಎನ್ನೋಣ) ಇಟ್ಟರೆ ಅವನು 48 ಇಂಚು ದೂರ. ಕಣ್ಣಿಗೆ ಅವನು ಸರಿಯಾಗಿ ಮುಂದಿನವನ ಅರ್ಧ ಕಾಣುತ್ತಾನೆ. ನಿಜವಾದ ಆಳುಗಳ ಲೆಕ್ಕಕ್ಕೆ ತಂದರೆ ಮುಂದಿನವನು 36 ಅಡಿ ದೂರ, ಹಿಂದಿನವನು 72 ಅಡಿ ದೂರ. ಅಂದರೆ ಒಬ್ಬ ಅಂಗಳದ ಕೊನೆಯಲ್ಲಿ, ಇನ್ನೊಬ್ಬ ತೋಟದ ಬೇಲಿ ಹತ್ತಿರ. ಹಿಂದಿನವರನ್ನು ಒಂದು ಮೆಟ್ಟಿಲು ಎತ್ತರಿಸಿ, ಗುಡ್ಡದ ಮೇಲಿಂದ ಇಳಿದು ಬರುವ ಹಾಗೆ. ನಡುವೆ ಒಂದು ಕಲ್ಲೋ, ಮುರಿದ ಗೋಡೆಯೋ ಬರಲಿ. ಪಾದ ಕಾಣದಿದ್ದರೆ ಕಣ್ಣಿಗೆ ದೂರ ಅಳೆಯಲು ಆಗುವುದಿಲ್ಲ. ಗುಟ್ಟು ಇರುವುದು ಅಲ್ಲೇ.

ಅಡಿಕೆಚಪ್ಪರ:
ನಾನು ಇದನ್ನು ಮಾಡಿ ನೋಡಿದ್ದೇನೆ. ಫೋಟೋದಲ್ಲಿ ಸೂಪರ್. ಬೀರು ಮುಂದೆ ನಿಂತರೆ ಮೋಸ ಗೊತ್ತಾಗುತ್ತದೆ.

ಕ್ಯಾಮೆರಾಕಣ್ಣು:
ನಿಜ. ಕ್ಯಾಮೆರಾಕ್ಕೆ ಒಂದು ಕಣ್ಣು, ನಮಗೆ ಎರಡು. ಹತ್ತಿರದ ವಸ್ತುವಿನ ದೂರ ಎರಡು ಕಣ್ಣು ಸೇರಿ ಹಿಡಿದುಬಿಡುತ್ತವೆ. 3 ಅಡಿಯಲ್ಲಿ ಗೊತ್ತಾಗುತ್ತದೆ. 7 ಅಡಿ ಹಿಂದೆ ಸರಿದರೆ ಅಷ್ಟು ಗೊತ್ತಾಗುವುದಿಲ್ಲ. ಇನ್ನೊಂದು ಮಾತು. ಎರಡು ಅಳತೆಯವರು ಫೋಟೋದಲ್ಲಿ ಸಮ ಕಾಣಬೇಕು ಎಂದರೆ ಇದನ್ನೇ ತಿರುಗಿಸಿ. ಚಿಕ್ಕವನು ಕ್ಯಾಮೆರಾದಿಂದ 30 ಸೆಂಟಿಮೀಟರ್, ದೊಡ್ಡವನು 45. ನಿಮ್ಮ ಎರಡು ಕ್ಯಾಪ್ಟನ್ ಅಮೆರಿಕ ಅಣ್ಣ ತಮ್ಮನ ಹಾಗೆ ಭುಜಕ್ಕೆ ಭುಜ ಕಾಣುತ್ತಾರೆ.

ಒಂದೇಅಳತೆ:
ಒಂದು ಒಪ್ಪಿಕೊಳ್ಳುತ್ತೇನೆ. ಗ್ಯಾಲಕ್ಟಸ್ ವಿಷಯದಲ್ಲಿ ನಾನೇ ಸೋತಿದ್ದೇನೆ. ಟಾಯ್ ಬಿಝ್ 2005ರಲ್ಲಿ ಬಿಡಿಭಾಗ ಕೂಡಿಸಿ ಕಟ್ಟುವ ಗ್ಯಾಲಕ್ಟಸ್ ಕೊಟ್ಟಾಗ ಅವನು 16 ಇಂಚಿನ ಆಸುಪಾಸು. ಗ್ರಹ ನುಂಗುವವನು ಲೆಜೆಂಡ್ಸ್ ಪಕ್ಕ ಬರೀ ಎತ್ತರದ ಆಳಾಗಿ ಕಾಣುತ್ತಿದ್ದ. 2010ರಲ್ಲಿ 3.75 ಇಂಚಿನವರಿಗೆಂದು 19 ಇಂಚಿನವನು ಬಂದ. ಅವನು ಆ ಚಿಕ್ಕವರ ಮಧ್ಯೆ ನಿಂತರೆ ನಿಜವಾಗಲೂ ಭಯವಾಗುತ್ತದೆ. 6 ಇಂಚಿನವರಿಗೆ ಸರಿಯಾದವನು ಸಿಕ್ಕಿದ್ದು 2021ರಲ್ಲಿ, 32 ಇಂಚು. ಅದನ್ನು ಕೊಳ್ಳುವ ಶಕ್ತಿ ನನಗಿಲ್ಲ. ದೈತ್ಯರ ವಿಷಯಕ್ಕೆ ಚಿಕ್ಕ ಅಳತೆಯೇ ಮೇಲು.

ಹಳೇಡಬ್ಬಿ:
ಆಂಟ್‌ಮ್ಯಾನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಅಳತೆ ಬೆರೆಸುವುದೇ ಅವನ ಕೆಲಸ. 1963ರಲ್ಲೇ ಮೊದಲ ಆಂಟ್‌ಮ್ಯಾನ್ ಹ್ಯಾಂಕ್ ಪಿಮ್ ಜೈಂಟ್‌ಮ್ಯಾನ್ ಆಗಿ ಬೆಳೆದು ನಿಂತಿದ್ದ. 3.75, 6, 12 ಇಂಚಿನ ಮೂರು ಆಂಟ್‌ಮ್ಯಾನ್‌ಗಳನ್ನು ಒಂದೇ ಸಾಲಲ್ಲಿ ಇಡಿ. ಅಂಗಡಿಯಲ್ಲಿ ಸಿಗುವ 12 ಇಂಚಿನ ಅಗ್ಗದ ಟೈಟನ್ ಹೀರೋ ಸಾಕು. ಕೈಕಾಲು ಹೆಚ್ಚು ಮಡಚುವುದಿಲ್ಲ, ಆದರೆ ಹಿಂದೆ ನಿಲ್ಲುವವನು ಮಡಚಬೇಕಾಗಿಲ್ಲ.

ಆಗುಂಬೆಮಳೆ:
ಅಳತೆ ಎಲ್ಲ ಸರಿ. ಬೀರುವಿನ ಒಳಗೆ ಒಣಗಿದೆಯಾ? ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ನಾನು ಮೂರು ತಿಂಗಳು ಬಾಗಿಲು ತೆಗೆಯದೆ ಬಿಟ್ಟೆ. ತೆಗೆದಾಗ ಬ್ಯಾಟ್‌ಮ್ಯಾನ್‌ನ ಬಟ್ಟೆಯ ಕೇಪ್ ಮೇಲೆ ಬಿಳಿ ಪುಡಿ. ಬೆನ್ನು, ತೊಡೆ ಅಂಟಂಟು. ಎರಡು ಬೇರೆ ತೊಂದರೆ ಅದು. ಬಿಳಿ ಪುಡಿ ಬೂಸ್ಟು. ಅಂಟು ಮೆತ್ತನೆ ಪ್ಲಾಸ್ಟಿಕ್‌ನ ಒಳಗಿನ ಎಣ್ಣೆಯಂಥದ್ದು ಹೊರಗೆ ಬರುವುದು, ಗಾಳಿ ಆಡದಿದ್ದರೆ ಜಾಸ್ತಿ. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್. ತೊಳೆದು ಜಾಯಿಂಟ್ ಒಳಗಿನ ನೀರು ಪೂರ್ತಿ ಆರುವ ತನಕ ಫ್ಯಾನ್ ಕೆಳಗೆ ಇಡಿ. ಒಲೆ ಹತ್ತಿರ ಬೇಡ. ಈಗ ನಾನು ವಾರಕ್ಕೆ ಒಂದು ದಿನ, ಮಳೆ ಬಿಟ್ಟಾಗ, ಬಾಗಿಲು ತೆರೆದಿಡುತ್ತೇನೆ. ಮೂಲೆಗೆ ಸಿಲಿಕಾ ಜೆಲ್ ಪೊಟ್ಟಣ. ಹಳೆ ಮರದ ಬೀರುವಾದರೆ ಗೆದ್ದಲು, ಕುಟ್ಟೆ ಹುಳು ಕೂಡ ನೋಡಿಕೊಳ್ಳಿ.

ತುಂಗಾತೀರ:
ಹಲಸು ಗಟ್ಟಿ ಇದೆ. ಹುಳು ಇಲ್ಲ. ಆದರೆ ಅಣ್ಣನ ಜಿ.ಐ. ಜೋ ಒಂದು ಸೊಂಟದಲ್ಲಿ ಎರಡು ತುಂಡಾಗಿ ಬಿದ್ದಿದೆ. ಕಾಲು ಒಂದು ಕಡೆ, ಮೈ ಒಂದು ಕಡೆ.

ಹಳೇಡಬ್ಬಿ:
ಗಾಬರಿ ಬೇಡ. ಮುರಿದಿಲ್ಲ. ಒಳಗೆ ಒಂದು ಚಿಕ್ಕ ರಬ್ಬರ್ ಉಂಗುರ ಇರುತ್ತದೆ. ಅದೇ ಮೈಗೆ ಕಾಲನ್ನು ಹಿಡಿದಿರುವುದು. ಮೂವತ್ತು ವರ್ಷಕ್ಕೆ ಒಣಗಿ ತುಂಡಾಗುತ್ತದೆ. ಬೆನ್ನಲ್ಲಿ ಒಂದು ಸ್ಕ್ರೂ ಇದೆ, ಚಿಕ್ಕ ಸ್ಕ್ರೂಡ್ರೈವರ್‌ನಲ್ಲಿ ನಿಧಾನ ಬಿಚ್ಚಿ. ಹಳೆ ಉಂಗುರದ ತುಂಡು ತೆಗೆದುಕೊಂಡು ನಲ್ಲಿ ಸಾಮಾನಿನ ಅಂಗಡಿಗೆ ಹೋಗಿ, ಅದೇ ದಪ್ಪದ ಓ ರಿಂಗ್ ಕೇಳಿ. ಕಾಲಿನ ಮಧ್ಯದ ಕೊಕ್ಕೆಗೆ ಸಿಕ್ಕಿಸಿ ಎದೆಯ ಒಳಗೆ ಎಳೆದು ಕೂರಿಸಿ ಸ್ಕ್ರೂ ಹಾಕಿ. ತೀರಾ ಬಿಗಿ ಮಾಡಬೇಡಿ, ಪ್ಲಾಸ್ಟಿಕ್ ಸೀಳುತ್ತದೆ.

ಸಾಗರದವ:
ಅಂದ ಹಾಗೆ ಬಳ್ಳಿಗಾವಿ ಕಡೆ ಹೋದರೆ ದೇವಸ್ಥಾನದ ಶಿಲ್ಪ ನೋಡಿ ಬನ್ನಿ. ದೇವರು ದೊಡ್ಡದು, ಪಕ್ಕದ ಚಾಮರದವರು ದೇವರ ತೊಡೆ ಎತ್ತರ. ಒಂದೇ ಕಲ್ಲಲ್ಲಿ ಎರಡು ಅಳತೆ. ಯಾರು ಮುಖ್ಯ ಎಂದು ಗಾತ್ರವೇ ಹೇಳುತ್ತದೆ.

ಒಂದೇಅಳತೆ:
ಅದು ದೇವರು, ಇದು ಸ್ಪೈಡರ್‌ಮ್ಯಾನ್.

ಸಾಗರದವ:
ಕೆತ್ತುವವನ ಕಣ್ಣು ಒಂದೇ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ನಿನ್ನೆ ಭಾನುವಾರ ಬೆಳಿಗ್ಗೆಯಿಂದ ಸಂಜೆ ತನಕ ಕೂತು ಜೋಡಿಸಿದೆ. ಹೇಗೆ ಮಾಡಿದೆ ಎಂದು ಹೇಳಿಬಿಡುತ್ತೇನೆ.

ಕೆಳಗಿನ ಹಲಗೆ ಡಿಸಿಯವರಿಗೆ. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಇಬ್ಬರೇ. ಜಾಗ ಖಾಲಿ ಇದೆ, ಇರಲಿ. ಬೇನ್‌ನ ತಲೆ ಅಳೆದೆ. ಮುಖವಾಡ ಸೇರಿ 2 ಸೆಂಟಿಮೀಟರ್ ಮೇಲೆ ಒಂದು ಎಳೆ. ಅವನನ್ನು ನಡುವಿನ ಹಲಗೆಗೆ ತಂದೆ, ಹಲ್ಕ್‌ಗೆ ಎದುರಾಗಿ. ಒಪ್ಪಿತು. ಒಂದೇಅಳತೆ ಅವರೇ, ನೀವೂ ಒಪ್ಪುತ್ತೀರಿ.

ನಡುವಿನ ಹಲಗೆಯಲ್ಲೇ ಅಣ್ಣನವರು. ಹಿಂದೆ ಎರಡು ಮೆಟ್ಟಿಲು ಮಾಡಿದೆ. ಅಡಿಕೆ ಮರದ ದಬ್ಬೆ ಸೀಳಿ ಅಂಟಿಸಿದ್ದು. ಮೇಲೆ ತುಂಗೆ ದಡದಿಂದ ತಂದ ಮರಳು, ಬೆರಳ ತುದಿಯಷ್ಟು ಕಲ್ಲುಗಳು. ಮುಂದೆ ನನ್ನ ಲೆಜೆಂಡ್ಸ್ ಬೆನ್ನು ಹಾಕಿ ನಿಂತಿದ್ದಾರೆ, ಹಿಂದಿನವರು ಬರುವುದನ್ನು ನೋಡುತ್ತಿರುವ ಹಾಗೆ. ಮುಖ ಕಾಣುವುದಿಲ್ಲ ಎಂದು ಮೊದಲು ಬೇಸರವಾಯಿತು. ಆಮೇಲೆ ಗೊತ್ತಾಯಿತು, ಮುಖ ಕಾಣುವುದು ಈಗ ಅಣ್ಣನವರದ್ದು ಮಾತ್ರ. ನೋಡುವವರ ಕಣ್ಣು ನೇರ ಅವರ ಮೇಲೇ ಹೋಗುತ್ತದೆ. ಸೊಂಟ ಮುರಿದಿದ್ದ ಜಿ.ಐ. ಜೋಗೆ ದುರ್ಗಿಗುಡಿಯ ಅಂಗಡಿಯಲ್ಲಿ 5 ರೂಪಾಯಿಗೆ ಉಂಗುರ ಸಿಕ್ಕಿತು. ಈಗ ಎಲ್ಲರಿಗಿಂತ ಮುಂದೆ ಇಳಿದು ಬರುತ್ತಿದ್ದಾನೆ. ಅವನ ಎಡ ಅಂಗಾಲಿನಲ್ಲಿ ಅಣ್ಣ ಚಿಕ್ಕವನಿದ್ದಾಗ ನೀಲಿ ಪೆನ್ನಲ್ಲಿ ಬರೆದ ಅವನ ಹೆಸರಿನ ಮೊದಲ ಅಕ್ಷರ ಇನ್ನೂ ಇದೆ. ತೊಳೆಯುವಾಗ ಆ ಒಂದು ಪಾದ ಬಿಟ್ಟು ತೊಳೆದೆ.

ಮೇಲಿನ ಹಲಗೆ ಖಾಲಿ ಬಿಟ್ಟಿದ್ದೇನೆ. ಅದನ್ನು ಜೋಡಿಸುವುದು ಅಣ್ಣನ ಜೊತೆ.

ಒಂದೇಅಳತೆ:
ಬೇನ್ ವಿಷಯ ಒಪ್ಪಿದೆ. ಡಿಸಿಯವರನ್ನು ಬೇರೆ ಇಟ್ಟದ್ದೂ ಸರಿ. ಹಿಂದಿನವರ ಬಗ್ಗೆ ಫೋಟೋ ನೋಡಿ ಹೇಳುತ್ತೇನೆ.

ಅಡಿಕೆಚಪ್ಪರ:
ದಬ್ಬೆ ಹಸಿ ಇತ್ತಾ, ಒಣಗಿದ್ದಾ? ಹಸಿಯಾದರೆ ಬಾಗುತ್ತದೆ. ಮೆಟ್ಟಿಲಿನ ಅಳತೆ ಕೊಡಿ, ನಾನೂ ಮಾಡುತ್ತೇನೆ.

ತುಂಗಾತೀರ:
ಎರಡು ವರ್ಷ ಅಟ್ಟದಲ್ಲಿ ಒಣಗಿದ್ದು. ಒಂದನೇ ಮೆಟ್ಟಿಲು 2 ಇಂಚು ಎತ್ತರ, 3 ಇಂಚು ಅಗಲ. ಎರಡನೆಯದು 4 ಇಂಚು ಎತ್ತರ, ಅಗಲ ಅಷ್ಟೇ. ಉದ್ದ ಹಲಗೆಗಿಂತ ಅರ್ಧ ಇಂಚು ಕಡಿಮೆ ಮಾಡಿ, ತೆಗೆದು ಒರೆಸಲು ಸುಲಭ.